ಒಡೆಯುವ ಮೊದಲು ಬರುವ ಸದ್ದು: ನಾಲ್ಕು ತಾಲೂಕಿನ ತಾಂತ್ರಿಕ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಓದುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ,



ನಾನು ಹಾನಗಲ್ಲ ತಾಲೂಕಿನವನು. ಬೆಂಗಳೂರಿನಲ್ಲಿ ಕಾರ್ಬನ್ ಫೈಬರಿನ ಟ್ಯೂಬುಗಳಿಗೆ ನೀರು ತುಂಬಿ, ಒತ್ತಡ ಏರಿಸಿ, ಅವು ಎಲ್ಲಿ, ಹೇಗೆ, ಎಷ್ಟಕ್ಕೆ ಒಡೆಯುತ್ತವೆ ಎಂದು ನೋಡುವ ಕೆಲಸದಲ್ಲಿ ಬಹಳ ವರ್ಷ ಕಳೆದೆ. ಈಗ ಊರಿಗೆ ಬಂದು ಹೋಗುವುದು ಹೆಚ್ಚಾಗಿದೆ. ನಿಮಗೆ ಈ ಪತ್ರ ಬರೆಯಬೇಕು ಅನ್ನಿಸಿದ್ದು ಲ್ಯಾಬಿನಲ್ಲಿ ಅಲ್ಲ, ನಮ್ಮ ಮಾವಿನ ತೋಟದಲ್ಲಿ.

ಮಾವು ಹೂ ಬಿಡುವ ಹೊತ್ತು. ಎಣ್ಣಿ ಹೊಡೆಯುವ ಕೆಲಸ ನಡೆದಿತ್ತು. ಎಚ್‌ಟಿಪಿ ಪಂಪು ಬದುವಿನ ಮೇಲೆ, ಗನ್ ಹಿಡಿದವನು ಮರದ ಬುಡದಲ್ಲಿ, ನಡುವೆ ನೂರಾರು ಅಡಿ ಪೈಪು. ಆ ಪೈಪನ್ನು ಗಿಡದಿಂದ ಗಿಡಕ್ಕೆ ಎಳೆದುಕೊಡುವುದಕ್ಕೆ ಇನ್ನೊಬ್ಬ. ಅವನು ಇದ್ದಕ್ಕಿದ್ದಂತೆ ನಿಂತು ಕೈ ಎತ್ತಿ “ಬಂದ್ ಮಾಡ್ರೀ” ಎಂದು ಕೂಗಿದ. ಪಂಪಿನ ಹತ್ತಿರ ಇದ್ದ ಹುಡುಗ ಒಂದು ಮಾತೂ ಕೇಳದೆ ಬಂದ್ ಮಾಡಿದ. ನಾನು ಹೋಗಿ ನೋಡಿದೆ. ಪೈಪಿನ ಮೇಲೆ ಸೀಳಿಲ್ಲ, ಸೋರಿಕೆಯಿಲ್ಲ.

“ಏನಾಗೇತಪ್ಪಾ?” ಅಂದೆ.

“ಇಲ್ಲೆ ಮೆತ್ತಗಾಗೇತಿ ನೋಡ್ರಿ. ನಿನ್ನೆ ಹಿಂಗ ಇರಲಿಲ್ಲ. ಇವತ್ತ ಹೋಗತೈತಿ ಇದು.”

ಅವನು ತೋರಿಸಿದ ಜಾಗದಲ್ಲಿ ಬೆರಳಿಟ್ಟೆ. ನನಗೆ ಏನೂ ತಿಳಿಯಲಿಲ್ಲ. ಮತ್ತೆ ಮೆಲ್ಲಗೆ ಒತ್ತಡ ಏರಿಸಿದಾಗ ಮಾತ್ರ ಅಲ್ಲಿ ಪೈಪು ಒಂದು ಅಡಿಕೆಯಷ್ಟು ಉಬ್ಬಿದ್ದು ಕಂಡಿತು. ಆ ತುಂಡನ್ನು ಕತ್ತರಿಸಿ ತೆಗೆದು, ಎರಡೂ ತುದಿಗೆ ಜಾಯಿಂಟರ್ ಹಾಕಿ ಕ್ಲಾಂಪ್ ಬಿಗಿದರು. ಕೆಲಸ ಮುಂದುವರಿಯಿತು. ಅಷ್ಟು ಒತ್ತಡದಲ್ಲಿ ವಿಷದ ನೀರು ಮುಖಕ್ಕೆ ಸಿಡಿದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ.

ಕತ್ತರಿಸಿದ ತುಂಡನ್ನು ಮನೆಗೆ ತಂದೆ. ನೀವೂ ಇಂಥದೊಂದು ಹಳೆಯ ತುಂಡು ಹುಡುಕಿ, ಬ್ಲೇಡಿನಿಂದ ಮೇಲಿನ ಪದರ ಸುಲಿದು ನೋಡಿ. ಒಳಗೆ ನೂಲು ಎರಡು ದಿಕ್ಕಿನಲ್ಲಿ ಓರೆಯಾಗಿ ಸುತ್ತಿಕೊಂಡಿರುತ್ತದೆ. ನಿಮ್ಮ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಇಟ್ಟು ಅಳೆಯಿರಿ. ಪೈಪಿನ ಉದ್ದಕ್ಕೆ ಆ ನೂಲು ಐವತ್ತೈದು ಡಿಗ್ರಿಯ ಆಸುಪಾಸಿನಲ್ಲಿ ಓರೆಯಾಗಿರುತ್ತದೆ. ನಾನು ಲ್ಯಾಬಿನಲ್ಲಿ ಕಂಡ ಕಾರ್ಬನ್ ಟ್ಯೂಬುಗಳಲ್ಲಿ ಹಲವದರ ಎಳೆಯ ಓರೆಯೂ ಅಷ್ಟೇ. ಲಕ್ಷಾಂತರ ರೂಪಾಯಿಯ ವಸ್ತುವಿಗೂ ನಮ್ಮ ತೋಟದ ಪೈಪಿಗೂ ಒಂದೇ ಕೋನ ಯಾಕೆ ಬಂತು?

ಎರಡೂ ತುದಿ ಮುಚ್ಚಿದ ಕೊಳವೆಗೆ ಒಳಗಿನಿಂದ ಒತ್ತಡ ಹಾಕಿದರೆ ಅದರ ಗೋಡೆ ಎರಡು ಕಡೆಗೆ ಎಳೆದುಕೊಳ್ಳುತ್ತದೆ, ಸುತ್ತಳತೆಯ ದಿಕ್ಕಿಗೆ ಮತ್ತು ಉದ್ದದ ದಿಕ್ಕಿಗೆ. ಸುತ್ತಳತೆಯ ಎಳೆತ ಉದ್ದದ ಎಳೆತಕ್ಕಿಂತ ಸರಿಯಾಗಿ ಎರಡು ಪಟ್ಟು. ನೀರಿನ ಪೈಪು ಒಡೆದಾಗ ಉದ್ದಕ್ಕೆ ಸೀಳುವುದು ಇದಕ್ಕೇ. ಎರಡು ಪಾಲು ಅಡ್ಡಕ್ಕೆ, ಒಂದು ಪಾಲು ಉದ್ದಕ್ಕೆ ಹೊರಬೇಕಾದ ಎಳೆ ಯಾವ ಓರೆಯಲ್ಲಿ ಇರಬೇಕು ಎಂದು ಲೆಕ್ಕ ಹಾಕಿದರೆ ಆ ಕೋನದ ಟ್ಯಾಂಜೆಂಟಿನ ವರ್ಗ ಎರಡು ಬರುತ್ತದೆ. ಕೋನ 54.7 ಡಿಗ್ರಿ. ಅದಕ್ಕಿಂತ ಕಡಿಮೆ ಓರೆಯಲ್ಲಿ ಸುತ್ತಿದರೆ ಒತ್ತಡ ಬಂದಾಗ ಪೈಪು ಗಿಡ್ಡವಾಗಿ ಉಬ್ಬುತ್ತದೆ, ಹೆಚ್ಚು ಓರೆಯಲ್ಲಿ ಸುತ್ತಿದರೆ ಉದ್ದವಾಗುತ್ತದೆ. ಇದು ಮೆಕ್ಯಾನಿಕಲ್‌ನವರಿಗೆ ಒಂದು ಪುಟದ ಲೆಕ್ಕ.

ಲೆಕ್ಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಲಿ. ಒಳವ್ಯಾಸ 100 ಮಿಲಿಮೀಟರ್, ಗೋಡೆಯ ದಪ್ಪ ಬರೀ 2 ಮಿಲಿಮೀಟರ್ ಇರುವ ಕಾರ್ಬನ್ ಟ್ಯೂಬು ತೆಗೆದುಕೊಳ್ಳಿ. ಒಳಗೆ 100 ಬಾರ್ ಒತ್ತಡ. ತುದಿಯ ಮುಚ್ಚಳವನ್ನು ಹೊರಗೆ ದೂಡುವ ಬಲವೇ ಸುಮಾರು ಎಂಟು ಟನ್, ಅಂದರೆ ಕಬ್ಬು ಹೇರಿದ ಟ್ರೇಲರಿನ ಭಾರ. ಸುತ್ತಳತೆಯ ಎಳೆತ 250 ಮೆಗಾಪಾಸ್ಕಲ್, ಉದ್ದದ್ದು 125. ಎಳೆಗಳಷ್ಟೇ ಎಲ್ಲ ಭಾರ ಹೊರುತ್ತವೆ, ಅವು ಟ್ಯೂಬಿನ ಗಾತ್ರದಲ್ಲಿ ಶೇಕಡಾ 60 ಇವೆ ಎಂದು ಹಿಡಿದರೆ ಒಂದೊಂದು ಎಳೆಯ ಮೇಲೆ ಬೀಳುವುದು 625 ಮೆಗಾಪಾಸ್ಕಲ್. ಟಿ700 ಎಂಬ ಹೆಸರಿನ ಕಾರ್ಬನ್ ಎಳೆಯ ಬಲ 4900. ಹಾಗಾದರೆ ಈ ಟ್ಯೂಬು 780 ಬಾರ್ ತನಕ ಒಡೆಯಬಾರದು!

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥ ಲೆಕ್ಕ ಹಾಕಿ, ಉತ್ತರದ ಕೆಳಗೆ ಎರಡು ಗೆರೆ ಎಳೆದು, ಇದೇ ಟ್ಯೂಬಿನ ಆಯುಷ್ಯ ಎಂದು ನಂಬಿದ್ದೆ. ಟ್ಯೂಬು ಆ ಅಂಕಿಯ ಹತ್ತಿರಕ್ಕೂ ಬರಲಿಲ್ಲ. ಅರ್ಧ ದಾರಿಯೂ ಆಗುವ ಮೊದಲೇ ಅದರ ಮೈಮೇಲೆ ಸಣ್ಣ ಸಣ್ಣ ನೀರಿನ ಹನಿ ಮೂಡಿದವು, ಹೊಸ ಗಡಿಗೆ ಬೆವರಿದ ಹಾಗೆ. ಸೋತದ್ದು ಎಳೆಗಳಲ್ಲ. ಎಳೆಗಳನ್ನು ಅಂಟಿಸಿ ಹಿಡಿಯುವ ರೆಸಿನ್ನಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಎದ್ದು, ಒಂದು ಪದರದ ಬಿರುಕು ಇನ್ನೊಂದು ಪದರದ ಬಿರುಕಿಗೆ ಕೂಡಿ, ನೀರಿಗೆ ದಾರಿಯಾಗಿತ್ತು. ಇದಕ್ಕೇ ಗ್ಯಾಸು ಅಥವಾ ನೀರು ಹಿಡಿದಿಡಬೇಕಾದ ಕಾರ್ಬನ್ ಸಿಲಿಂಡರುಗಳಿಗೆ ಒಳಗೆ ಅಲ್ಯೂಮಿನಿಯಮ್ಮಿನದೋ ಪ್ಲಾಸ್ಟಿಕ್ಕಿನದೋ ಒಂದು ಒಳಚರ್ಮ ಕೊಡುತ್ತಾರೆ.

ಸರಿ, ರೆಸಿನ್ ಬಿರುಕನ್ನೂ ಲೆಕ್ಕಕ್ಕೆ ಸೇರಿಸೋಣ ಅಂದರೆ ಅಲ್ಲಿ ಕಷ್ಟ ಶುರು. ಸ್ಟೀಲಿಗೆ ಒಂದು ಬಲ ಅಂತ ಹೇಳಿದರೆ ಸಾಕು, ಎಲ್ಲ ದಿಕ್ಕಿಗೂ ಹೆಚ್ಚೂಕಡಿಮೆ ಅದೇ. ಎಳೆ, ರೆಸಿನ್ ಕೂಡಿದ ಕಾಂಪೊಸಿಟ್ ಹಾಗಲ್ಲ. ಎಳೆಯ ಉದ್ದಕ್ಕೆ ಎಳೆದರೆ ಒಂದು ಬಲ, ಉದ್ದಕ್ಕೆ ಒತ್ತಿದರೆ ಇನ್ನೊಂದು, ಅಡ್ಡ ಎಳೆದರೆ ಮತ್ತೊಂದು, ಅದೂ ಬಹಳ ಕಡಿಮೆ. ಅಡ್ಡ ಒತ್ತಿದರೆ ಬೇರೆ, ಪದರದ ಮೇಲೆ ಪದರ ಜಾರಿದರೆ ಬೇರೆ. ಇವೆಲ್ಲ ಒಟ್ಟಿಗೆ ಬಂದಾಗ ಯಾವುದು ಮೊದಲು ಸೋಲುತ್ತದೆ? ಇದಕ್ಕೆ ಸೂತ್ರ ಕಟ್ಟಿದವರು ಬಹಳ ಮಂದಿ. ತ್ಸಾಯ್ ಮತ್ತು ವೂ 1971ರಲ್ಲಿ ಎಲ್ಲವನ್ನೂ ಒಂದೇ ಸಮೀಕರಣದಲ್ಲಿ ಹಿಡಿಯಲು ನೋಡಿದರು. ಹಾಶಿನ್ 1980ರಲ್ಲಿ ಎಳೆಯ ಸೋಲು ಬೇರೆ, ರೆಸಿನ್ನಿನ ಸೋಲು ಬೇರೆ ಎಂದು ಬಿಡಿಸಿ ಬರೆದರು. ಜರ್ಮನಿಯ ಪುಕ್ ಬಿರುಕು ಯಾವ ಕೋನದಲ್ಲಿ ಏಳುತ್ತದೆ ಎಂಬುದನ್ನೇ ಹುಡುಕಿದರು.

ಈ ಸೂತ್ರಗಳ ಮೇಲೆ ಬಲ್ಲವರಿಗೇ ಪೂರ್ತಿ ಭರವಸೆ ಇರಲಿಲ್ಲ ಎಂಬುದನ್ನು ನೀವು ತಿಳಿದಿರಬೇಕು. 1991ರಲ್ಲಿ ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್‌ನಲ್ಲಿ ಈ ವಿಷಯದ ತಜ್ಞರು ಸೇರಿದಾಗ ಆ ಮಾತು ಬಯಲಿಗೆ ಬಂತು. ಅದರ ಬೆನ್ನಿಗೆ ಹಿಂಟನ್, ಸೋಡನ್, ಕದ್ದೂರ್ ಎಂಬ ಮೂವರು ಒಂದು ದೊಡ್ಡ ಪರೀಕ್ಷೆ ಏರ್ಪಡಿಸಿದರು. ಸೂತ್ರ ಕಟ್ಟಿದವರಿಗೇ ಪ್ರಶ್ನೆಪತ್ರಿಕೆ! ವಸ್ತುವಿನ ಗುಣಗಳನ್ನಷ್ಟೇ ಕೊಟ್ಟು, ಪ್ರಯೋಗದ ಉತ್ತರ ಮುಚ್ಚಿಟ್ಟು, “ನಿಮ್ಮ ಸೂತ್ರ ಏನು ಹೇಳುತ್ತದೆ ಬರೆದುಕೊಡಿ” ಅಂದರು. ಕೊನೆಗೆ 19 ಸಿದ್ಧಾಂತಗಳು, 14 ಪ್ರಶ್ನೆಗಳು. ಅವುಗಳಲ್ಲಿ ಹಲವು ಪ್ರಶ್ನೆಗಳ ಉತ್ತರ ಬಂದದ್ದು ಒತ್ತಡ ಹಾಕಿದ ಟ್ಯೂಬುಗಳಿಂದಲೇ. ಫಲಿತಾಂಶ 1998ರಿಂದ 2004ರ ತನಕ ಮೂರು ಕಂತಿನಲ್ಲಿ ಅಚ್ಚಾಯಿತು. ಒಂದೇ ಟ್ಯೂಬು, ಒಂದೇ ಮಾಹಿತಿ, ಆದರೆ ಒಬ್ಬೊಬ್ಬರ ಉತ್ತರ ಒಂದೊಂದು ದಿಕ್ಕಿಗೆ. ಮೊದಲ ಬಿರುಕು ಯಾವಾಗ ಏಳುತ್ತದೆ ಎಂಬಲ್ಲಂತೂ ಅಂತರ ಬಹಳ ದೊಡ್ಡದಿತ್ತು. ನನ್ನ ಮಟ್ಟಿಗೆ ಇದು ವಿಜ್ಞಾನಿಗಳು ಮಾಡಿದ ಅತ್ಯಂತ ಪ್ರಾಮಾಣಿಕ ಕೆಲಸಗಳಲ್ಲೊಂದು. ತಮ್ಮ ತಪ್ಪನ್ನು ತಾವೇ ಅಚ್ಚು ಹಾಕಿಸಿದರು.

ಸೂತ್ರ ಒಳ್ಳೆಯದೇ ಇದ್ದರೂ ಅದು ಹೇಳುವುದು ಟ್ಯೂಬುಗಳ ಕುಲದ ಬಗ್ಗೆ. ನಿಮ್ಮ ಮುಂದಿರುವ ಆ ಒಂದು ಟ್ಯೂಬಿನ ಬಗ್ಗೆ ಅಲ್ಲ. ಕಾರ್ಬನ್ ಎಳೆ ಕೂದಲಿನ ಹತ್ತನೇ ಒಂದು ಭಾಗದಷ್ಟು ಸಣ್ಣದು, ಸುಮಾರು 7 ಮೈಕ್ರಾನ್. ಇಂಥ ಹನ್ನೆರಡು ಸಾವಿರ ಎಳೆ ಕೂಡಿದರೆ ಸುತ್ತುವ ಒಂದು ಪಟ್ಟಿ. ಆ ಹನ್ನೆರಡು ಸಾವಿರದಲ್ಲಿ ಎಲ್ಲವೂ ಸಮಬಲದವಲ್ಲ. ಒತ್ತಡ ಏರುವಾಗ ಬಲ ಕಡಿಮೆ ಇದ್ದವು ಅಲ್ಲೊಂದು ಇಲ್ಲೊಂದು ಪಟ್ ಎಂದು ತುಂಡಾಗುತ್ತ ಹೋಗುತ್ತವೆ. ನಿಮ್ಮ ಅಜ್ಜಂದಿರ ಕಾಲದ ಕಪಿಲೆ ಬಾವಿಯ ಮಿಣಿಯಲ್ಲಿ ಒಂದು ಎಳೆ ಹರಿದರೆ ಅದು ಬಹಳ ದೂರದ ತನಕ ಹೋದಂತೆಯೇ. ರೆಸಿನ್ನಿನಲ್ಲಿ ಹುದುಗಿದ ಎಳೆ ಹಾಗಲ್ಲ. ಹರಿದ ಜಾಗದ ಆಚೆ ಈಚೆ ಒಂದು ಮಿಲಿಮೀಟರಿಗೂ ಕಡಿಮೆ ದೂರದಲ್ಲಿ ಅದು ಮತ್ತೆ ಭಾರ ಹೊರಲು ಶುರು ಮಾಡುತ್ತದೆ. ನಡುವಿನ ಆ ತುಸು ಜಾಗದ ಹೊರೆಯನ್ನು ಅಕ್ಕಪಕ್ಕದ ಎಳೆಗಳು ಹೊತ್ತುಕೊಳ್ಳುತ್ತವೆ. ಊರಲ್ಲಿ ಒಬ್ಬನ ಮನೆಯಲ್ಲಿ ತೊಂದರೆಯಾದರೆ ನೆರೆಮನೆಯವರು ಹೊಲ ನೋಡಿಕೊಳ್ಳುವ ಹಾಗೆ. ಹರಿದವು ದೂರ ದೂರ ಇರುವ ತನಕ ಚಿಂತೆಯಿಲ್ಲ. ಹರಿದುದರ ಪಕ್ಕದಲ್ಲೇ ಇನ್ನೊಂದು, ಅದರ ಪಕ್ಕ ಮತ್ತೊಂದು ಎಂದು ಗುಂಪು ಕಟ್ಟಿಕೊಂಡರೆ ನೆರೆಯವರಿಗೆ ಹೊರೆ ಮೀರುತ್ತದೆ. ಆಮೇಲೆ ಕ್ಷಣವೂ ಹಿಡಿಯುವುದಿಲ್ಲ.

ಇದರ ಮೇಲೆ ಪ್ರತಿ ಟ್ಯೂಬಿಗೆ ಅದರದೇ ಜಾತಕ. ಸುತ್ತುವಾಗ ಎಲ್ಲೋ ಒಂದು ಕಡೆ ಎಳೆ ಮಡಿಚಿಕೊಂಡಿರಬಹುದು. ರೆಸಿನ್ನಿನಲ್ಲಿ ಗಾಳಿಗುಳ್ಳೆ ಉಳಿದಿರಬಹುದು. ಓವನ್ನಿನಲ್ಲಿ ಒಂದು ಬದಿ ಕಡಿಮೆ ಬೆಂದಿರಬಹುದು. ಯಾರೋ ಪಾನಾ ಬೀಳಿಸಿರಬಹುದು. ಕಬ್ಬಿಣದ ಸಿಲಿಂಡರಿನ ಮೇಲೆ ಪಾನಾ ಬಿದ್ದರೆ ತಗ್ಗು ಕಾಣುತ್ತದೆ. ಕಾರ್ಬನ್ ಮೇಲೆ ಬಿದ್ದರೆ ಮೇಲ್ಮೈ ಮೊದಲಿನಂತೆಯೇ ಕಪ್ಪಗೆ ಹೊಳೆಯುತ್ತಿರುತ್ತದೆ, ಒಳಗೆ ಪದರಗಳು ಬಿಟ್ಟುಕೊಂಡಿರುತ್ತವೆ. ಕೈ ತಪ್ಪಿ ಬೀಳಿಸಿದವನು ಬೈಗುಳಕ್ಕೆ ಹೆದರಿ ಹೇಳದೆ ಹೋದರೆ ಯಾವ ಕಂಪ್ಯೂಟರಿಗೂ ಅದು ತಿಳಿಯುವುದಿಲ್ಲ.

ಹಾಗಾದರೆ ಈ ಒಂದು ಟ್ಯೂಬು ಯಾವಾಗ ಹೋಗುತ್ತದೆ ಎಂದು ತಿಳಿಯುವ ದಾರಿಯೇ ಇಲ್ಲವೇ? ಇದೆ. ಅದು ತಾನೇ ಹೇಳುತ್ತದೆ.

ಕುಂಬಾರರ ಹತ್ತಿರ ಗಡಿಗೆ ಕೊಳ್ಳುವಾಗ ಅವ್ವ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುವುದನ್ನು ನೀವು ನೋಡಿದ್ದೀರಿ. ಕಾಂಪೊಸಿಟ್ ಕೆಲಸದವರು ಇಂದಿಗೂ ವಿಮಾನದ ಭಾಗಗಳನ್ನು ನಾಣ್ಯದಿಂದ ಬಡಿದು ಕೇಳುತ್ತಾರೆ. ಪದರ ಬಿಟ್ಟ ಜಾಗದಲ್ಲಿ ಸದ್ದು ಮೊಂಡಾಗುತ್ತದೆ. ಟ್ಯೂಬಿಗೆ ಒತ್ತಡ ಏರಿಸುವಾಗ ನಾವು ಬಡಿಯುವುದೂ ಬೇಡ. ಹರಿಯುವ ಒಂದೊಂದು ಎಳೆಯೂ, ಏಳುವ ಒಂದೊಂದು ಬಿರುಕೂ ಸದ್ದು ಮಾಡುತ್ತದೆ. ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ. ಈ ಸದ್ದುಗಳನ್ನು ಹಿಡಿಯಲು ನೂರು, ನೂರೈವತ್ತು ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ ಕೇಳುವ ಸೆನ್ಸರುಗಳನ್ನು ಟ್ಯೂಬಿಗೆ ಅಂಟಿಸುತ್ತಾರೆ. ಇದಕ್ಕೆ ಅಕೌಸ್ಟಿಕ್ ಎಮಿಶನ್ ಎಂದು ಹೆಸರು. ನಾನು ಇದನ್ನು ಟ್ಯೂಬಿನ ನರಳಿಕೆ ಅನ್ನುತ್ತೇನೆ.

ಜರ್ಮನಿಯಲ್ಲಿ ಕೈಸರ್ ಎಂಬುವರು 1950ರಲ್ಲಿ ಲೋಹಗಳ ಈ ಸದ್ದಿನ ಬಗ್ಗೆ ಒಂದು ಗುಣ ಬರೆದಿಟ್ಟರು. ಒಂದು ವಸ್ತುವಿನ ಮೇಲೆ ಒಮ್ಮೆ ಹೊರೆ ಹಾಕಿ ಇಳಿಸಿ ಮತ್ತೆ ಹಾಕಿದರೆ, ಹಿಂದಿನ ಸಲ ಮುಟ್ಟಿದ ಹೊರೆಯನ್ನು ದಾಟುವ ತನಕ ಅದು ಸುಮ್ಮನಿರುತ್ತದೆ. ಅದು ಹಳೆಯ ನೋವನ್ನು ನೆನಪಿಟ್ಟುಕೊಂಡು ಹೊಸ ನೋವಿಗೆ ಮಾತ್ರ ನರಳುತ್ತದೆ. ಗಟ್ಟಿ ಟ್ಯೂಬೂ ಹೀಗೆಯೇ. ಮೊದಲ ಸಲ 100 ಬಾರ್ ಹಾಕಿ ಇಳಿಸಿದ್ದರೆ, ಎರಡನೆಯ ಸಲ 100ರ ತನಕ ಸದ್ದಿಲ್ಲ. ಆದರೆ ಒಳಗೆ ಪೆಟ್ಟಾದ ಕಾಂಪೊಸಿಟ್ ಈ ನಿಯಮ ಮುರಿಯುತ್ತದೆ. 100 ಮುಟ್ಟುವ ಮೊದಲೇ, 90ಕ್ಕೋ 80ಕ್ಕೋ ನರಳಲು ಶುರು ಮಾಡುತ್ತದೆ. ಸದ್ದು ಶುರುವಾದ ಒತ್ತಡವನ್ನು ಹಿಂದಿನ ಗರಿಷ್ಠ ಒತ್ತಡದಿಂದ ಭಾಗಿಸಿದರೆ ಬರುವ ಅಂಕಿಗೆ ಫೆಲಿಸಿಟಿ ಅನುಪಾತ ಎಂದು ಹೆಸರು. ಅದು ಒಂದಕ್ಕಿಂತ ಕೆಳಗೆ ಇಳಿಯುತ್ತ ಹೋದ ಹಾಗೆ ಟ್ಯೂಬಿನ ದಿನ ಹತ್ತಿರವಾಗುತ್ತಿದೆ ಎಂದು ಅರ್ಥ. ಇಡೀ ವಿದ್ಯೆಯಲ್ಲಿ ನನಗೆ ಅತ್ಯಂತ ಪ್ರೀತಿಯ ಅಂಕಿ ಇದು, ಯಾಕೆಂದರೆ ಇದು ಕುಲದ್ದಲ್ಲ, ಎದುರಿಗಿರುವ ಟ್ಯೂಬಿನದೇ.

ಈಗ ನನ್ನ ತಪ್ಪಿನ ಕತೆ. ಇದನ್ನು ಬರೆಯದೆ ನಿಮಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ.

ಒಂದು ಮಧ್ಯಾಹ್ನ, ನಾನು ಆಗ ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ, ಒಂದು ಟ್ಯೂಬಿಗೆ ಮೂರನೆಯ ಸುತ್ತಿನ ಒತ್ತಡ ಏರಿಸುತ್ತಿದ್ದೆವು. ಪರೀಕ್ಷೆಯ ಹೊಣೆ ನನ್ನದು. ಸೆನ್ಸರಿನ ಪರದೆಯ ಮುಂದೆ ಡಿಪ್ಲೊಮಾ ಮುಗಿಸಿ ಬಂದು ಕೆಲವೇ ತಿಂಗಳಾಗಿದ್ದ ಹುಡುಗಿ ಕುಳಿತಿದ್ದಳು. “ಸರ್, ಸದ್ದು ಬೇಗ ಶುರುವಾಯ್ತು. ಮೊದಲಿನ ಹಂಗಿಲ್ಲ” ಅಂದಳು. ನಾನು ಪರದೆ ನೋಡಿದೆ. ತುದಿಯ ಫಿಟ್ಟಿಂಗ್ ಕೂರುತ್ತಿರುವ ಸದ್ದು ಅದು, ಮುಂದುವರಿಸು ಅಂದೆ. ಅವಳು ಮತ್ತೊಮ್ಮೆ ಬಾಯಿ ತೆರೆದಳು, ನನ್ನ ಮುಖ ನೋಡಿ ಸುಮ್ಮನಾದಳು. ಲಾಗ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಏನೋ ಬರೆದಳು. ಲೆಕ್ಕ ಹೇಳಿದ ಒತ್ತಡಕ್ಕೆ ಇನ್ನೂ ಬಹಳ ದೂರ ಇರುವಾಗಲೇ ಟ್ಯೂಬು ಒಡೆಯಿತು. ಗೋಡೆಯಾಚೆ ಸಿಡಿಲು ಬಡಿದ ಹಾಗಾಯಿತು. ಬಾಗಿಲು ತೆರೆದರೆ ರಿಗ್ಗಿನ ತುಂಬ ಕಪ್ಪು ಎಳೆಗಳು ಪೊರಕೆ ಬಿಚ್ಚಿದ ಹಾಗೆ ಚೆಲ್ಲಿದ್ದವು. ನೀರಿನ ಪರೀಕ್ಷೆಯಾದ್ದರಿಂದ ಬದುಕಿದೆವು. ನೀರು ಒತ್ತಿದರೆ ಕುಗ್ಗುವುದು ತೀರ ಕಡಿಮೆ, ಅದಕ್ಕೇ ಅದರಲ್ಲಿ ಕೂಡಿಟ್ಟ ಶಕ್ತಿಯೂ ಕಡಿಮೆ. ಅದೇ ಒತ್ತಡದ ಗ್ಯಾಸು ತುಂಬಿದ್ದರೆ ಆ ಗೋಡೆಯ ಮೇಲೆ ಭರವಸೆ ಇಡುವ ಹಾಗಿರಲಿಲ್ಲ.

ಸಂಜೆ ವರದಿಯಲ್ಲಿ “ಅಕಾಲಿಕ ವೈಫಲ್ಯ” ಎಂದು ಬರೆದೆ. ರಾತ್ರಿ ಲಾಗ್‌ಬುಕ್ ತಿರುವಿದಾಗ ಅವಳ ಪೆನ್ಸಿಲಿನ ಸಾಲು ಕಂಡಿತು. ಹೊತ್ತು, ಒತ್ತಡ, ಸದ್ದು ಶುರುವಾದ ಬಿಂದು, ಎಲ್ಲ ಇತ್ತು. ಎರಡನೆಯ ಸುತ್ತಿಗಿಂತ ಮೂರನೆಯ ಸುತ್ತಿನಲ್ಲಿ ಎಷ್ಟು ಮೊದಲು ನರಳಿತು ಎಂಬುದನ್ನು ಅವಳು ಭಾಗಾಕಾರ ಮಾಡಿ ಇಟ್ಟಿದ್ದಳು. ಅಕಾಲಿಕ ಎಂಬ ಪದ ಸುಳ್ಳಾಗಿತ್ತು. ಟ್ಯೂಬು ಹೇಳಿತ್ತು, ಅವಳು ಕೇಳಿಸಿಕೊಂಡಿದ್ದಳು. ನಿಲ್ಲಿಸುವ ಗುಂಡಿ ನನ್ನ ಕೈಯಲ್ಲಿತ್ತು.

ಇದೇ ತಪ್ಪು ಸಮುದ್ರದ ಆಳದಲ್ಲಿ ನಡೆದದ್ದನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಟೈಟನ್ ಎಂಬ ಜಲಾಂತರ ವಾಹನ. ಅದರ ಮೈ ಅಂದರೆ ಒಂದು ಕಾರ್ಬನ್ ಫೈಬರ್ ಟ್ಯೂಬು, ಸುಮಾರು ಐದು ಇಂಚು ದಪ್ಪ, ಎರಡೂ ತುದಿಗೆ ಟೈಟಾನಿಯಮ್ ಮುಚ್ಚಳ. ಇಲ್ಲಿ ಒತ್ತಡ ಹೊರಗಿನಿಂದ. ಟೈಟಾನಿಕ್ ಹಡಗು ಮಲಗಿರುವ 3800 ಮೀಟರ್ ಆಳದಲ್ಲಿ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು 380 ಕಿಲೋ ಭಾರ. ಕಾರ್ಬನ್ ಎಳೆ ಎಳೆದರೆ ಹುಲಿ. ಒತ್ತಿದರೆ ಅದನ್ನು ನೆಟ್ಟಗೆ ನಿಲ್ಲಿಸುವುದು ಸುತ್ತಲಿನ ರೆಸಿನ್, ರೆಸಿನ್ನಿನಲ್ಲಿ ಗುಳ್ಳೆಯೋ ಎಳೆಯಲ್ಲಿ ಮಡಿಕೆಯೋ ಇದ್ದರೆ ಅಲ್ಲಿ ಬಾಗುತ್ತದೆ. ಆ ಟ್ಯೂಬಿನಲ್ಲಿ ಎರಡೂ ಇದ್ದವು ಎಂದು ಅಮೆರಿಕದ ತನಿಖೆಯಲ್ಲಿ ತಿಳಿಯಿತು.

ನನ್ನನ್ನು ಕಾಡುವುದು ಆ ಗುಳ್ಳೆಗಳಿಗಿಂತ ಹೆಚ್ಚಾಗಿ ಅದಕ್ಕೆ ಅಂಟಿಸಿದ್ದ ಸೆನ್ಸರುಗಳು. ನಾನು ಮೇಲೆ ಹೇಳಿದ ಅದೇ ಅಕೌಸ್ಟಿಕ್ ಸೆನ್ಸರು, ಜೊತೆಗೆ ಮೈ ಎಷ್ಟು ಹಿಗ್ಗಿತು, ಕುಗ್ಗಿತು ಎಂದು ಅಳೆಯುವ ಸ್ಟ್ರೇನ್ ಗೇಜು. 2018ರ ಜನವರಿಯಲ್ಲೇ ಡೇವಿಡ್ ಲಾಕ್ರಿಜ್ ಎಂಬ ಟೈಟನ್ ಕಟ್ಟಿದ ಕಂಪನಿಯ ಅಧಿಕಾರಿ ಅದರ ಮೊದಲ ಟ್ಯೂಬನ್ನು ನಂಬಲಾಗದು ಎಂದು ಬರೆದುಕೊಟ್ಟ, ಕೆಲಸ ಕಳೆದುಕೊಂಡ. 2019ರ ಏಪ್ರಿಲ್‌ನಲ್ಲಿ ಕಾರ್ಲ್ ಸ್ಟ್ಯಾನ್ಲಿ ಎಂಬ ಅನುಭವಿ ಬಹಾಮಾಸ್ ಸಮುದ್ರದಲ್ಲಿ ಅದರೊಳಗೆ ಕುಳಿತು ಇಳಿದಾಗ ಬಿರಿಯುವ ಸದ್ದು ಬರಿಗಿವಿಗೇ ಕೇಳಿ, ಕಂಪನಿಯ ಮುಖ್ಯಸ್ಥ ಸ್ಟಾಕ್ಟನ್ ರಷ್‌ಗೆ ಎಚ್ಚರಿಕೆ ಬರೆದ. ಆಮೇಲೆ ಆ ಮೊದಲ ಟ್ಯೂಬಿನಲ್ಲಿ ಬಿರುಕು ಸಿಕ್ಕಿತು. ಹೊಸದೊಂದನ್ನು ಮಾಡಿದರು. 2022ರ ಜುಲೈ 15ರಂದು, ಎಂಬತ್ತನೆಯ ಇಳಿತ ಮುಗಿಸಿ ಮೇಲೆ ಬರುವಾಗ ದೊಡ್ಡದೊಂದು ಸದ್ದಾಯಿತು. ಒಳಗಿದ್ದವರೆಲ್ಲ ಕೇಳಿದರು, ಸೆನ್ಸರೂ ಬರೆದುಕೊಂಡಿತು. ಅದು ಚೌಕಟ್ಟಿನಲ್ಲಿ ಟ್ಯೂಬು ಸರಿದ ಸದ್ದು ಎಂದು ವಿವರಣೆ ಕೊಟ್ಟರು. ಇದನ್ನು ಓದಿದಾಗ ನನ್ನ ಮೈ ಜುಮ್ಮೆಂದಿತು. “ಫಿಟ್ಟಿಂಗ್ ಕೂರುತ್ತಿರುವ ಸದ್ದು” ಎಂದು ನಾನು ಹೇಳಿದ್ದೂ ಇದೇ ತಾನೆ?

ಆ ಇಳಿತದ ನಂತರ ಸ್ಟ್ರೇನ್ ಗೇಜುಗಳ ಗೆರೆ ಬೇರೆಯಾಗಿತ್ತು. ಅದೇ ಆಳಕ್ಕೆ ಟ್ಯೂಬು ಮೊದಲಿನಂತೆ ಕುಗ್ಗುತ್ತಿರಲಿಲ್ಲ. ಅಂಕಿಗಳು ಕಂಪ್ಯೂಟರಿನಲ್ಲಿ ಇದ್ದವು. ಅವನ್ನು ಹಿಂದಿನ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ “ನಿಲ್ಲಿಸಿ” ಎನ್ನುವವರು ಇರಲಿಲ್ಲ. ಎಂಬತ್ತೆಂಟನೆಯ ಇಳಿತ 2023ರ ಜೂನ್ 18. ಅಂದು ಟ್ಯೂಬು ಒಳಕ್ಕೆ ಕುಸಿದು ಐವರು ಸತ್ತರು. ಅವರಲ್ಲಿ ಒಬ್ಬ ಸುಲೇಮಾನ್ ದಾವೂದ್, 19 ವರ್ಷದ ಹುಡುಗ, ತಂದೆಯ ಜೊತೆ ಹೋಗಿದ್ದ. ನಿಮ್ಮದೇ ವಯಸ್ಸು. ಅಮೆರಿಕದ ಕೋಸ್ಟ್ ಗಾರ್ಡ್ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿ ಇದನ್ನು ತಪ್ಪಿಸಬಹುದಾಗಿದ್ದ ಸಾವು ಎಂದು ಬರೆಯಿತು.

ಟೈಟನ್ ಹೋದ ಮುಂದಿನ ತಿಂಗಳೇ, 2023ರ ಜುಲೈ ಮಳೆಯಲ್ಲಿ, ಸವಣೂರಿನ ದೊಡ್ಡಹುಣಸೆ ಮಠದ ಮೂರು ಮರಗಳಲ್ಲಿ ಒಂದು ಉರುಳಿತು. ಆ ಮರದ ಬುಡವನ್ನು ತಬ್ಬಲು ಎಷ್ಟು ಮಂದಿ ಕೈ ಹಿಡಿಯಬೇಕು ಎಂದು ನಾವು ಚಿಕ್ಕವರಿದ್ದಾಗ ಎಣಿಸಿದ್ದೆವು. ಅದನ್ನು ಎತ್ತಿ ಮತ್ತೆ ನೆಟ್ಟರು, ಅಷ್ಟರಮಟ್ಟಿಗೆ ಸಮಾಧಾನ. ಮರಕ್ಕೆ ಯಾರೂ ಸೆನ್ಸರ್ ಅಂಟಿಸಿರಲಿಲ್ಲ. ಟೈಟನ್‌ಗೆ ಅಂಟಿಸಿದ್ದರು. ಎರಡೂ ಸುದ್ದಿ ಒಂದರ ಹಿಂದೆ ಒಂದು ಬಂದಾಗ ನನಗೆ ಹೆಚ್ಚು ನೋವಾದದ್ದು ಟೈಟನ್‌ನದಕ್ಕೆ.

ಇದೆಲ್ಲ ದೂರದ ಮಾತು ಅಂದುಕೊಳ್ಳಬೇಡಿ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ತೇಜಸ್ ವಿಮಾನದ ಮೈಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಕಾರ್ಬನ್ ಕಾಂಪೊಸಿಟ್. ಅದರ ಬಾಲದ ರೆಕ್ಕೆಯನ್ನು ರೂಪಿಸಿದ್ದು ಬೆಂಗಳೂರಿನ ಎನ್‌ಎಎಲ್ ಪ್ರಯೋಗಾಲಯ. ಇಂಡಿಯನ್ ಆಯಿಲ್ 2021ರಲ್ಲಿ ತಂದ ಹಗುರ ಅಡುಗೆ ಗ್ಯಾಸ್ ಸಿಲಿಂಡರ್ ಗಾಜಿನ ಎಳೆ ಸುತ್ತಿದ್ದು, ಒಳಗಿನ ಗ್ಯಾಸಿನ ಮಟ್ಟ ಬೆಳಕಿಗೆ ಹಿಡಿದರೆ ಕಾಣುತ್ತದೆ. ಶಿಗ್ಗಾಂವಿ, ಬಂಕಾಪುರದ ಪಕ್ಕದ ಹೆದ್ದಾರಿಯಲ್ಲಿ ಓಡುವ ಸಿಎನ್‌ಜಿ ಗಾಡಿಗಳ ಸಿಲಿಂಡರಿನಲ್ಲಿ 200 ಬಾರ್ ಒತ್ತಡ ಇರುತ್ತದೆ, ಮೂರು ವರ್ಷಕ್ಕೊಮ್ಮೆ ಅದಕ್ಕೆ ನೀರಿನ ಪರೀಕ್ಷೆ ಆಗಲೇಬೇಕು. ಈಗ ಬಹಳಷ್ಟು ಸಿಲಿಂಡರು ಸ್ಟೀಲಿನವು. ಹೈಡ್ರೋಜನ್ ಗಾಡಿಗಳಿಗೆ 350, 700 ಬಾರ್ ಬೇಕು, ಅವಕ್ಕೆ ಕಾರ್ಬನ್ನೇ ಗತಿ. ಈ ಸಿಲಿಂಡರುಗಳನ್ನು ಪರೀಕ್ಷೆಯ ತೊಟ್ಟಿಗೆ ಇಳಿಸುವವರು, ಪಾನಾ ಹಿಡಿಯುವವರು, ಪರದೆಯ ಮುಂದೆ ಕೂರುವವರು ಯಾರು? ಹಾನಗಲ್ಲದ ಐಟಿಐಯಿಂದ, ಹಿರೇಕೆರೂರಿನ ಡಿಪ್ಲೊಮಾದಿಂದ ಹೋದ ನೀವೇ. ಲೆಕ್ಕ ಹಾಕುವವರು ಬೇರೆ ಊರಿನಲ್ಲಿ ಇರುತ್ತಾರೆ. ಮೊದಲು ಸದ್ದು ಕೇಳುವುದು ನಿಮಗೆ.

ಅದಕ್ಕೇ ನಿಮ್ಮಲ್ಲಿ ಬೇಡಿಕೊಳ್ಳುವುದು ಇದು. ಕೆಲಸಕ್ಕೆ ಸೇರಿದ ಮೊದಲ ದಿನವೇ ಕೇಳಿ: “ನನಗೆ ಅನುಮಾನ ಬಂದರೆ ನಿಲ್ಲಿಸಬಹುದೇ? ಯಾವ ಗುಂಡಿ ಒತ್ತಬೇಕು?” ಉತ್ತರ ನೇರವಾಗಿ ಬರದಿದ್ದರೆ ಆ ಜಾಗದ ಬಗ್ಗೆ ನಿಮಗೆ ಬಹಳಷ್ಟು ತಿಳಿದಂತೆಯೇ. ನಿಮ್ಮ ಕೈಯಿಂದ ಪಾನಾ ಬಿದ್ದರೆ ಆ ಕ್ಷಣವೇ ಹೇಳಿ, ಎಲ್ಲಿ ಬಿತ್ತು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬೈಸಿಕೊಳ್ಳಿ, ಬೈಗುಳ ಮೈಗೆ ಹತ್ತುವುದಿಲ್ಲ. ಹಿಂದಿನ ಪರೀಕ್ಷೆಯ ಅಂಕಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳದೆ ಇಂದಿನ ಅಂಕಿ ಓದಬೇಡಿ. ಪಾಸ್ ಎಂದು ಸಿಕ್ಕಾ ಬಿದ್ದ ಟ್ಯೂಬು ಹಿಂದಿನ ಸಲಕ್ಕಿಂತ ಬೇಗ ನರಳಿದ್ದರೆ, ಸಿಕ್ಕಾದ ಪಕ್ಕದಲ್ಲಿ ಅದನ್ನೂ ಬರೆಯಿರಿ. ನಿಮ್ಮ ಮೇಲಿನವರು ನನ್ನಂತೆಯೇ “ಮುಂದುವರಿಸು” ಅಂದರೆ, ಇನ್ನೊಂದು ಸಲ ಹೇಳಿ. ಆ ಹುಡುಗಿ ಬಾಯಿ ತೆರೆದು ಸುಮ್ಮನಾದಳು. ಅವಳನ್ನು ಸುಮ್ಮನಾಗಿಸಿದ್ದು ನನ್ನ ಮುಖ. ನೀವು ಮುಖ ನೋಡಬೇಡಿ, ಪರದೆ ನೋಡಿ.

ಮುಂದೊಂದು ದಿನ ನೀವೇ ಮೇಲಿನವರಾಗುತ್ತೀರಿ. ಆಗ ನಮ್ಮ ತೋಟದ ಪಂಪಿನ ಹತ್ತಿರ ಇದ್ದ ಹುಡುಗನನ್ನು ನೆನಪಿಸಿಕೊಳ್ಳಿ. ಪೈಪು ಎಳೆಯುವ ಕೂಲಿಯವನು ಕೈ ಎತ್ತಿದ ಕೂಡಲೇ ಅವನು ಯಾಕೆ, ಏನು ಎಂದು ಕೇಳಲಿಲ್ಲ. ಮೊದಲು ಬಂದ್ ಮಾಡಿದ, ಆಮೇಲೆ ನೋಡಲು ಬಂದ. ಅಷ್ಟು ದೊಡ್ಡ ಕಂಪನಿಗಳಿಗೆ, ಅಷ್ಟು ಓದಿದ ನನಗೆ ಬಾರದ ಪದ್ಧತಿ ನಮ್ಮ ಮಾವಿನ ತೋಟದಲ್ಲಿ ಯಾರೂ ಕಲಿಸದೆ ಇತ್ತು. ಯಾಕೆಂದರೆ ಅಲ್ಲಿ ಪೈಪು ಹಿಡಿದವನ ಮುಖಕ್ಕೇ ಅದು ಸಿಡಿಯುವುದು, ಮತ್ತು ಅದು ಎಲ್ಲರಿಗೂ ಗೊತ್ತಿತ್ತು.

ಆಪೂಸು ಕೀಳುವ ಹೊತ್ತಿಗೆ ಊರಲ್ಲೇ ಇರುತ್ತೇನೆ. ನಾಲ್ಕೂ ತಾಲೂಕಿನ ಯಾವ ಕಾಲೇಜಿನವರು ಕರೆದರೂ ಬರುತ್ತೇನೆ. ಒಡೆದ ಟ್ಯೂಬಿನ ಒಂದು ತುಂಡು ನನ್ನ ಹತ್ತಿರ ಇದೆ, ತರುತ್ತೇನೆ. ತೋಟದ ಪೈಪಿನ ಉಬ್ಬಿದ ತುಂಡೂ ಇದೆ, ಎರಡನ್ನೂ ಪಕ್ಕಪಕ್ಕ ಇಟ್ಟು ಎಳೆಯ ಓರೆ ಅಳೆಯೋಣ. ನಿಮ್ಮ ಕೋನಮಾಪಕ ತನ್ನಿ. ಆ ಹುಡುಗಿಯ ಸಾಲನ್ನು ಅಂದು ರಾತ್ರಿಯೇ ನನ್ನ ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡಿದ್ದೆ, ಅವಳು ಮಾಡಿದ ಭಾಗಾಕಾರದ ಸಮೇತ. ಅದನ್ನು ಹಲಗೆಯ ಮೇಲೆ ನಿಮ್ಮಲ್ಲಿ ಒಬ್ಬರು ಬರೆಯಬೇಕು.

ನಿಮ್ಮ ಸೀಮೆಯವನೇ ಆದ
ಒಬ್ಬ ಪರೀಕ್ಷಕ